ಮಾಂಸ ಕೆಡಿಸದ ಗುಂಡು: ಜಿಂಕೆ ಬೇಟೆಯಲ್ಲಿ ನಾನು ಕಲಿತುಕೊಂಡದ್ದು

ನಾನು ಹೊಡೆದ ಮೊದಲ ಜಿಂಕೆಯ ಚರ್ಮ ಸುಲಿದಾಗ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗುಂಡು ಒಳಹೊಕ್ಕ ಕಡೆ ಚರ್ಮದ ಮೇಲೆ ಕಿರುಬೆರಳಿನ ತುದಿಯಷ್ಟು ತೂತು ಮಾತ್ರ ಇತ್ತು. ಚರ್ಮ ಎಳೆದು ತೆಗೆದರೆ ಅದರಡಿ ಹೆಗಲಿನ ಮಾಂಸವೆಲ್ಲ ಕಪ್ಪುಗೆಂಪಾಗಿತ್ತು. ನೆತ್ತರು ಲೋಳೆಯಂತೆ ಹೆಪ್ಪುಗಟ್ಟಿ ಸ್ನಾಯುಗಳ ಪದರಪದರದ ನಡುವೆ ಕತ್ತಿನ ಬುಡದವರೆಗೂ ಹರಡಿತ್ತು, ಮುರಿದ ಮೂಳೆಯ ಚೂರುಗಳು ಬೆರಳಿಗೆ ಚುಚ್ಚುತ್ತಿದ್ದವು. ಗುಂಡು ಹೊರಬಿದ್ದ ಕಡೆಯ ಹೆಗಲಂತೂ ಇನ್ನೂ ಹಾಳಾಗಿತ್ತು. ಎರಡೂ ಮುಂಗಾಲುಗಳ ಮಾಂಸವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಎಸೆಯಬೇಕಾಯಿತು. ಕೇವಲ ಅರವತ್ತು ಮೀಟರ್ ದೂರದಿಂದ ಹೊಡೆದ ಈಡು ಅದು. ಪ್ರಾಣಿ ನಿಂತಲ್ಲೇ ಕುಸಿದಿತ್ತು, ಅದಕ್ಕಾಗಿ ನಾನು ಹೆಮ್ಮೆಪಟ್ಟಿದ್ದೆ ಕೂಡ. ಸುಲಿಯುವ ಹೊತ್ತಿಗೆ ಆ ಹೆಮ್ಮೆ ಉಳಿದಿರಲಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ನಾನು ಹೇಳುತ್ತಿರುವುದು ಉತ್ತರ ಅಮೆರಿಕದಲ್ಲಿ, ಪರವಾನಗಿ ಪಡೆದು, ನಿಗದಿಯಾದ ಋತುವಿನಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಿದ ಅನುಭವವನ್ನು. ನಾನು ಬೇಟೆಗೆ ಹೋಗುವುದು ಊಟಕ್ಕಾಗಿ. ಒಂದು ಜೀವವನ್ನು ಊಟಕ್ಕೆಂದು ತೆಗೆದ ಮೇಲೆ ಅದರ ಕಾಲುಭಾಗವನ್ನು ನನ್ನ ಅಜಾಗರೂಕತೆಯಿಂದ ಮಣ್ಣುಪಾಲು ಮಾಡುವುದು ನನಗೆ ಸಹಿಸಲಾಗದ ಸಂಗತಿ. ಹಾಗಾಗಿ ಮುಂದಿನ ಹಲವು ಋತುಗಳನ್ನು ಈ ಒಂದು ಪ್ರಶ್ನೆಯ ಬೆನ್ನು ಹತ್ತಿಯೇ ಕಳೆದೆ.

ಮೊದಲು ನನ್ನ ತಿಳಿವಳಿಕೆಯೇ ತಪ್ಪಾಗಿತ್ತು. ದೊಡ್ಡ ಗುಂಡು ಹೆಚ್ಚು ಮಾಂಸ ಕೆಡಿಸುತ್ತದೆ, ಸಣ್ಣದು ಕಡಿಮೆ ಕೆಡಿಸುತ್ತದೆ ಎಂದುಕೊಂಡಿದ್ದೆ. ನಾನು ಬಳಸಿದ್ದು .270 ತೋಟೆ (ಈ ಅಂಕಿ ನಳಿಗೆಯ ಅಂದಾಜು ಒಳವ್ಯಾಸ, ಇಂಚಿನಲ್ಲಿ), 130 ಗ್ರೇನ್ ಗುಂಡು, ಅಂದರೆ ಎಂಟೂವರೆ ಗ್ರಾಂಗೂ ಕಡಿಮೆ ತೂಕ. ಆದರೆ ಅದು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 930 ಮೀಟರ್ ವೇಗದಲ್ಲಿರುತ್ತದೆ. ಮಾಂಸವನ್ನು ಕೆಡಿಸಿದ್ದು ಗುಂಡಿನ ಗಾತ್ರಕ್ಕಿಂತ ಹೆಚ್ಚಾಗಿ ಆ ವೇಗ. ಅಷ್ಟು ವೇಗದ ಗುಂಡು ದೇಹದೊಳಗೆ ಹಾಯುವಾಗ ಸುತ್ತಲಿನ ಸ್ನಾಯುವನ್ನು ಹೊರಕ್ಕೆ ತಳ್ಳಿ ಕ್ಷಣಕಾಲ ಒಂದು ದೊಡ್ಡ ಟೊಳ್ಳನ್ನು ಮಾಡುತ್ತದೆ. ಸ್ನಾಯು ಮತ್ತೆ ಸ್ವಸ್ಥಾನಕ್ಕೆ ಮರಳಿದರೂ ಅಷ್ಟರಲ್ಲಿ ಸಣ್ಣ ರಕ್ತನಾಳಗಳು ಹರಿದಿರುತ್ತವೆ, ನೆತ್ತರು ಪದರಗಳ ನಡುವೆ ನುಗ್ಗಿರುತ್ತದೆ. ಗುಂಡಿನ ದಾರಿಯಿಂದ ಒಂದು ಗೇಣು ಆಚೆಗಿದ್ದ ಮಾಂಸವೂ ಕಪ್ಪಾಗಿದ್ದುದು ಇದರಿಂದಲೇ.

ವೇಗದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ನನ್ನ ತೋಟೆಯಲ್ಲಿದ್ದುದು ಸೀಸದ ತಿರುಳಿಗೆ ತೆಳುವಾದ ತಾಮ್ರದ ಕವಚ ತೊಡಿಸಿದ, ಮೂತಿಯಲ್ಲಿ ಸೀಸ ಬಿಟ್ಟಿರುವ ಸಾಮಾನ್ಯ ಗುಂಡು. ಇಂಥ ಗುಂಡು ಮಧ್ಯಮ ವೇಗದಲ್ಲಿ ಅಣಬೆಯಂತೆ ಚೆನ್ನಾಗಿ ಅರಳುತ್ತದೆ. ತೀರ ಹತ್ತಿರದಿಂದ, ಪೂರ್ಣ ವೇಗದಲ್ಲಿ, ಅದೂ ಹೆಗಲ ಮೂಳೆಗೆ ಬಡಿದರೆ ತಿರುಳು ಕವಚ ಬಿಟ್ಟು ಚೂರಾಗಿ ಎಲ್ಲ ದಿಕ್ಕಿಗೂ ಸಿಡಿಯುತ್ತದೆ. ಟೊಳ್ಳು ಹಿಗ್ಗಿಸಿದ ಮಾಂಸದಲ್ಲಿ ಈ ಚೂರುಗಳು ಮೊದಲೇ ಗೀರು ಹಾಕಿರುವುದರಿಂದ, ಹಿಗ್ಗಿ ಮರಳಬೇಕಾದ ಸ್ನಾಯು ಮರಳದೆ ಹರಿದೇ ಹೋಗುತ್ತದೆ. ಒಡೆದ ಮೂಳೆಯ ತುಣುಕುಗಳು ತಾವೂ ಸಣ್ಣ ಗುಂಡುಗಳಂತೆಯೇ ಕೆಲಸ ಮಾಡುತ್ತವೆ.

ಇದನ್ನು ಕಣ್ಣಾರೆ ನೋಡಬೇಕೆಂದು ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಒಂದರ ಹಿಂದೊಂದರಂತೆ ಸಾಲಾಗಿ ಇಟ್ಟು, ಹಿಂದೆ ಭದ್ರವಾದ ಮಣ್ಣಿನ ದಿಬ್ಬವಿರುವ ಗುರಿ ಅಭ್ಯಾಸದ ಬಯಲಿನಲ್ಲಿ ಹೊಡೆದು ನೋಡಿದೆ. ಹಳೆಯ ಗುಂಡು ಮೂರನೆಯ ಕ್ಯಾನಿನಲ್ಲಿ ನಿಂತಿತು. ಅದನ್ನು ತೂಗಿದರೆ 130 ಗ್ರೇನ್‌ನಲ್ಲಿ ಉಳಿದದ್ದು 71. ಮಿಕ್ಕ ಸೀಸ ಮೊದಲೆರಡು ಕ್ಯಾನುಗಳ ತಳದಲ್ಲಿ ಬೂದುಬಣ್ಣದ ರವೆಯಂತೆ ಕೂತಿತ್ತು. ಆ ರವೆಯನ್ನು ಅಂಗೈಯಲ್ಲಿ ಹಿಡಿದು ನೋಡಿದಾಗ ಮೊದಲ ಜಿಂಕೆಯ ಹೆಗಲಿನಲ್ಲಿ ಏನಾಗಿತ್ತೆಂಬುದು ಅರ್ಥವಾಯಿತು. ನೀರು ಮಾಂಸವಲ್ಲ, ಮೂಳೆಯಂತೂ ಅಲ್ಲವೇ ಅಲ್ಲ. ಆದರೂ ಗುಂಡು ಒಗ್ಗೂಡಿ ಉಳಿಯುತ್ತದೋ ಚೂರಾಗುತ್ತದೋ ಎಂಬುದನ್ನು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಮುಂದಿನ ಋತುವಿಗೆ ರೈಫಲ್ಲನ್ನೇ ಬದಲಿಸಿ .308ಕ್ಕೆ ಬಂದೆ. ಗುಂಡು 165 ಗ್ರೇನ್‌ನದು, ತಿರುಳನ್ನು ಕವಚಕ್ಕೆ ಬೆಸೆದಿರುವ, ಬಾಂಡೆಡ್ ಎಂದು ಕರೆಯುವ ಬಗೆಯದು. ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಗುಂಡು ಭಾರವಾಯಿತು, ದಪ್ಪವಾಯಿತು, ಆದರೆ ಮಾಂಸದ ಹಾನಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಬೆಸೆದ ಸೀಸ ಕವಚ ಬಿಟ್ಟು ಸುಲಭವಾಗಿ ಕಳಚುವುದಿಲ್ಲ, ನೀರಿನ ಕ್ಯಾನುಗಳಲ್ಲಿ 165ರಲ್ಲಿ 140ಕ್ಕಿಂತ ಹೆಚ್ಚೇ ಉಳಿದಿತ್ತು. ಕಾಡಿನೊಳಗೆ ನನ್ನ ಈಡುಗಳೆಲ್ಲ ನೂರೈವತ್ತು ಮೀಟರ್ ಒಳಗಿನವು. ಅಷ್ಟು ದೂರಕ್ಕೆ ಅತಿವೇಗದ ತೋಟೆಯಿಂದ ಸಿಗುವ ನೇರ ಹಾರಾಟ ನನಗೆ ಬೇಕಾಗಿಯೇ ಇರಲಿಲ್ಲ. ಬೇಡದ ವೇಗವನ್ನು ಹೊತ್ತು ತಿರುಗಿ ಅದರ ದಂಡವನ್ನು ಮಾಂಸದಲ್ಲಿ ತೆರುತ್ತಿದ್ದೆ.

ಬೇಟೆಯ ಜೊತೆಗಾರರೊಬ್ಬರ ಹಳೆಯ .30-30 ರೈಫಲ್ ಇದನ್ನು ಇನ್ನಷ್ಟು ಖಚಿತಪಡಿಸಿತು. 170 ಗ್ರೇನ್ ಗುಂಡು, ಸೆಕೆಂಡಿಗೆ 670 ಮೀಟರ್ ಆಸುಪಾಸಿನ ವೇಗ, ಯಾವ ಬೆಸುಗೆಯೂ ಇಲ್ಲದ ಸಾಮಾನ್ಯ ಸೀಸ. ಎಂಬತ್ತು ಮೀಟರ್ ದೂರದಿಂದ ಅವರು ಹೊಡೆದ ಜಿಂಕೆಯನ್ನು ನಾನೇ ಸುಲಿದೆ. ತೂತಿನ ಸುತ್ತ ಎರಡು ಬೆರಳಗಲದಷ್ಟು ಮಾತ್ರ ಕೆಟ್ಟಿತ್ತು. 1895ರಷ್ಟು ಹಿಂದೆ ಬಳಕೆಗೆ ಬಂದ ತೋಟೆಯ ಬಗೆಯೊಂದು ಈ ವಿಷಯದಲ್ಲಿ ನನ್ನ ಹೊಸ ರೈಫಲ್ಲಿಗಿಂತ ಮೇಲೆಂದು ಒಪ್ಪಿಕೊಳ್ಳಲೇಬೇಕಾಯಿತು.

ಬಾಂಡೆಡ್ ಗುಂಡಿನಲ್ಲೇ ನಿಲ್ಲುತ್ತಿದ್ದೆನೇನೋ, ಆದರೆ ಸೀಸ ವಿಷಕಾರಿ, ಅದರ ಚಿಂತೆ ಬಿಡಲಿಲ್ಲ. 2009ರಲ್ಲಿ ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೀಸದ ತಿರುಳಿನ ಗುಂಡಿನಿಂದ ಹೊಡೆದ 30 ಜಿಂಕೆಗಳ ಕ್ಷ-ಕಿರಣ ಚಿತ್ರ ತೆಗೆದಾಗ ಎಲ್ಲದರಲ್ಲೂ ಲೋಹದ ಚೂರುಗಳು ಕಂಡಿದ್ದವು. ಆ ಪೈಕಿ 24 ಜಿಂಕೆಗಳ ಕೊಚ್ಚಿದ ಮಾಂಸದ ಪೊಟ್ಟಣಗಳಲ್ಲೂ ಚೂರುಗಳು ಸಿಕ್ಕಿದ್ದವು. ಅನೇಕ ಚೂರುಗಳು ಹಲ್ಲಿಗೂ ಸಿಗದಷ್ಟು ಸಣ್ಣವು. ನಮ್ಮ ಮನೆಯಲ್ಲಿ ಈ ಮಾಂಸವನ್ನು ಮಕ್ಕಳು ತಿನ್ನುತ್ತಾರೆ. ಕಪ್ಪಾದ ಭಾಗವನ್ನು ಎಷ್ಟು ಅಗಲವಾಗಿ ಕತ್ತರಿಸಿ ತೆಗೆದರೂ ಕಣ್ಣಿಗೆ ಕಾಣದ್ದನ್ನು ತೆಗೆಯಲಾಗದು ಎಂಬ ಅರಿವೇ ನನ್ನನ್ನು ಸೀಸವಿಲ್ಲದ, ಇಡಿಯಾಗಿ ತಾಮ್ರದಿಂದ ಮಾಡಿದ ಗುಂಡಿನ ಕಡೆಗೆ ತಿರುಗಿಸಿತು.

ತಾಮ್ರದ ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ಬಡಿದಾಗ ಅದು ಬಿರಿದು ಹಿಂದಕ್ಕೆ ಮಡಚಿದ ನಾಲ್ಕೈದು ಎಸಳುಗಳಾಗುತ್ತದೆ, ತೂಕ ಬಹುತೇಕ ಪೂರ್ತಿ ಉಳಿಯುತ್ತದೆ. ಆದರೆ ಇದಕ್ಕೆ ಅದರದೇ ಕಟ್ಟುಪಾಡುಗಳಿವೆ, ಅವನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ಸೀಸದ ಗುಂಡಿನ ಅಭ್ಯಾಸದಲ್ಲೇ 180 ಗ್ರೇನ್‌ನ ಭಾರದ್ದನ್ನು ಆರಿಸಿಕೊಂಡೆ, ಬಯಲಿನಲ್ಲಿ ಸುಮಾರು 350 ಮೀಟರ್ ದೂರದ ಜಿಂಕೆಗೆ ಹೊಡೆದೆ. ಅಷ್ಟು ದೂರ ಹೋಗುವಷ್ಟರಲ್ಲಿ ಗುಂಡಿನ ವೇಗ ತೀರ ಇಳಿದು ಅದು ಸರಿಯಾಗಿ ಅರಳಲೇ ಇಲ್ಲ. ಶ್ವಾಸಕೋಶದಲ್ಲಿ ಕಿರಿದಾದ ದಾರಿ ಮಾಡಿಕೊಂಡು ಆಚೆಗೆ ಹೋಯಿತು. ಜಿಂಕೆ ಕಾಡು ಸೇರಿತು. ಅಲ್ಲೊಂದು ಇಲ್ಲೊಂದು ನೆತ್ತರ ಹನಿಯನ್ನು ಹುಡುಕುತ್ತ ಮಂಡಿಯೂರಿ ಎರಡು ತಾಸು ಅಲೆದ ಮೇಲೆ ಸಿಕ್ಕಿತು. ಮಾಂಸ ಒಂದಿಷ್ಟೂ ಕೆಟ್ಟಿರಲಿಲ್ಲ. ಆದರೆ ಆ ಪ್ರಾಣಿ ಪಟ್ಟ ಪಾಡಿಗೆ ಆ ಮಾಂಸ ಯಾವ ಸಮಾಧಾನವನ್ನೂ ಕೊಡಲಿಲ್ಲ. ಮಾಂಸ ಉಳಿಸುವುದು ಎರಡನೆಯ ಮಾತು, ಬೇಗ ಕೊಲ್ಲುವುದೇ ಮೊದಲನೆಯದು. ಈ ಕಾರಣಕ್ಕೇ ಅರಳದ, ಪೂರ್ತಿ ಕವಚದ ಗುಂಡುಗಳಿಂದ ಮಾಂಸ ಉಳಿಯುತ್ತದೆಂದು ಯಾರಾದರೂ ಹೇಳಿದರೆ ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಅನೇಕ ಕಡೆ ಬೇಟೆಗೆ ಅವು ಕಾನೂನುಬಾಹಿರವೂ ಹೌದು.

ಬಹಳಷ್ಟು ತಾಮ್ರದ ಗುಂಡುಗಳು ಅರಳಬೇಕಾದರೆ ಬಡಿಯುವಾಗ ಸೆಕೆಂಡಿಗೆ 550 ಮೀಟರ್‌ನಷ್ಟಾದರೂ ವೇಗ ಇರಬೇಕು. ತಯಾರಕರು ಕೊಡುವ ಈ ಅಂಕಿಯನ್ನು ಈಗ ಮೊದಲು ನೋಡುತ್ತೇನೆ, ತೂಕವನ್ನು ಆಮೇಲೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ, ಉದ್ದದ ಗುಂಡು ನೆಟ್ಟಗೆ ಹಾರಲು, ಗುಂಡನ್ನು ಗಿರಗಿರನೆ ತಿರುಗಿಸುವ ನಳಿಗೆಯೊಳಗಿನ ಸುರುಳಿ ಗೀರು ಹೆಚ್ಚು ಬಿಗಿಯಾಗಿರಬೇಕು. ಹೀಗಾಗಿ 180ರಿಂದ 150 ಗ್ರೇನ್‌ಗೆ ಇಳಿದೆ. ತೂಕವನ್ನು ಉಳಿಸಿಕೊಳ್ಳುವ ಗುಂಡಿಗೆ ಮೊದಲೇ ಹೆಚ್ಚುವರಿ ತೂಕ ಕಟ್ಟಿಕೊಡುವ ಅಗತ್ಯವಿಲ್ಲ. ತೋಟೆಗಳನ್ನು ನಾನೇ, ಪ್ರಕಟಿತ ಕೈಪಿಡಿಯ ಅಳತೆಯೊಳಗೇ, ಮದ್ದನ್ನು ಮಿತವಾಗಿ ಹಾಕಿ ತುಂಬಿಕೊಳ್ಳುತ್ತೇನೆ. ವೇಗ 820 ಮೀಟರ್ ಆಸುಪಾಸು, ಇನ್ನೂರು ಮೀಟರ್‌ವರೆಗೆ ಅದು ಧಾರಾಳವಾಗಿ ಸಾಕು, ಅದರಾಚೆಗೆ ನಾನು ಹೊಡೆಯುವುದಿಲ್ಲ. ಗುಂಡು ಬದಲಿಸಿದಾಗಲೆಲ್ಲ ನಳಿಗೆಯನ್ನು ಚೆನ್ನಾಗಿ ಒರೆಸಿ, ದುರ್ಬೀನಿನ ಗುರಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು, ಏಕೆಂದರೆ ತೂಕ ಒಂದೇ ಇದ್ದರೂ ಬೇರೆ ಗುಂಡು ಬೇರೆ ಜಾಗಕ್ಕೆ ಬೀಳುತ್ತದೆ.

ಇಷ್ಟೆಲ್ಲ ಮಾಡಿಯೂ ಗುಂಡು ತಗಲುವ ಜಾಗ ತಪ್ಪಿದರೆ ಆಯ್ಕೆಯೆಲ್ಲ ವ್ಯರ್ಥ. ಈಗ ನಾನು ಹೆಗಲಿಗೆ ಹೊಡೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಪ್ರಾಣಿ ಅಡ್ಡಲಾಗಿ ನಿಂತು, ಮುಂಗಾಲನ್ನು ಮುಂದಿಟ್ಟಾಗ ಕಾಲಿನ ಹಿಂಬದಿಯ ಗೆರೆಗೆ ಒತ್ತಿಕೊಂಡು, ಎದೆಯ ಎತ್ತರದ ಕೆಳಗಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಮೇಲೆ ಗುರಿ ಹಿಡಿಯುತ್ತೇನೆ. ಅಲ್ಲಿ ಪಕ್ಕೆಲುಬುಗಳ ಮೇಲೆ ಮಾಂಸ ತೆಳು, ಒಳಗೆ ಎರಡೂ ಶ್ವಾಸಕೋಶಗಳು. ಜಿಂಕೆ ನಲವತ್ತೋ ಐವತ್ತೋ ಮೀಟರ್ ಓಡಿ ಬೀಳುತ್ತದೆ. ನಿಂತಲ್ಲೇ ಬೀಳಬೇಕೆಂಬ ಹಂಬಲವನ್ನು ಬಿಟ್ಟಿದ್ದರಿಂದ ಉಳಿದ ಮಾಂಸ, ಗುಂಡು ಬದಲಿಸಿದ್ದರಿಂದ ಉಳಿದದ್ದಕ್ಕಿಂತ ಕಡಿಮೆಯೇನಲ್ಲ.

ಕಳೆದ ಋತುವಿನ ಜಿಂಕೆಯನ್ನು ನೂರಹತ್ತು ಮೀಟರ್ ದೂರದಿಂದ ಹೊಡೆದೆ. ಸುಲಿದಾಗ ಒಳಹೊಕ್ಕ ಕಡೆ ಹೆಬ್ಬೆರಳಿನಗಲದ ತೂತು, ಹೊರಬಿದ್ದ ಕಡೆ ಅದರ ಎರಡರಷ್ಟು, ಎರಡು ತೂತುಗಳೂ ಪಕ್ಕೆಲುಬುಗಳ ಸಂದಿನಲ್ಲಿ. ಕತ್ತರಿಸಿ ತೆಗೆದ ಕೆಟ್ಟ ಮಾಂಸವನ್ನು ತಕ್ಕಡಿಗೆ ಹಾಕಿದೆ: ಇನ್ನೂರು ಗ್ರಾಂ ಕೂಡ ತೂಗಲಿಲ್ಲ. ಎರಡೂ ಮುಂಗಾಲುಗಳು ಇಡಿಯಾಗಿ ಮನೆಗೆ ಬಂದವು.