ರಾಜನಿರುವ ದೇಶ ‘ಎ’, ಗಣರಾಜ್ಯವೆಂಬ ದೇಶ ‘ಬಿ’

ಜಗತ್ತಿನ ಸರ್ಕಾರಗಳ ಬಗ್ಗೆ ಆನ್‌ಲೈನಿನಲ್ಲಿ ಪಾಠ ಶುರುಮಾಡಿದ ಮೊದಲ ವರ್ಷ ನಾನು ಮಾಡಿದ್ದು ಸೋಮಾರಿ ಕೆಲಸ. ಫ್ರೀಡಂ ಹೌಸ್ ಸಂಸ್ಥೆ ವರ್ಷವರ್ಷ ಹೊರತರುವ ಬಣ್ಣದ ನಕ್ಷೆಯನ್ನು ಸ್ಕ್ರೀನ್ ಶೇರ್ ಮಾಡಿ, ಇವು ಸ್ವತಂತ್ರ, ಇವು ಅರೆ ಸ್ವತಂತ್ರ, ಇವು ಸ್ವತಂತ್ರವಲ್ಲ ಅಂತ ಓದಿ ಹೇಳಿದೆ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಎಲ್ಲರಿಗೂ ಒಳ್ಳೆಯ ಅಂಕ. “ಆ ದೇಶಕ್ಕೆ ಆ ಬಣ್ಣ ಯಾಕೆ ಬಂತು?” ಅಂತ ಕೇಳಿದೆ. ಎಲ್ಲರ ಮೈಕೂ ಮ್ಯೂಟ್. ಮಕ್ಕಳು ಬಣ್ಣ ಬಾಯಿಪಾಠ ಮಾಡಿದ್ದರು ಅಷ್ಟೇ.

ಮರುವರ್ಷ ನಕ್ಷೆಯನ್ನು ಬಚ್ಚಿಟ್ಟೆ. ಬದಲಿಗೆ ಹೆಸರಿಲ್ಲದ ಎರಡು ಚೀಟಿ ಕಳಿಸಿದೆ. ದೇಶ ‘ಎ’: ರಾಷ್ಟ್ರದ ಮುಖ್ಯಸ್ಥ ರಾಜ, ವಂಶದಿಂದ ಬಂದವನು. ಒಂದೇ ಹೊತ್ತಿಗೆಯಾಗಿ ಬರೆದಿಟ್ಟ ಸಂವಿಧಾನ ಇಲ್ಲ. ಮೇಲ್ಮನೆಗೆ ಜನ ಮತ ಹಾಕುವುದಿಲ್ಲ, ಅಲ್ಲಿ ಬಿಷಪ್‌ಗಳಿಗೂ ಆಸನ ಉಂಟು. ದೇಶ ‘ಬಿ’: ಹೆಸರಿನಲ್ಲೇ ‘ಪ್ರಜಾಸತ್ತಾತ್ಮಕ’, ‘ಗಣರಾಜ್ಯ’ ಎರಡೂ ಇವೆ. ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಸಂವಿಧಾನದಲ್ಲೇ ಬರೆದಿವೆ. 17 ವರ್ಷಕ್ಕೆ ಮತದಾನದ ಹಕ್ಕು. 2019ರ ಚುನಾವಣೆಯಲ್ಲಿ ಶೇ 99.99 ಮತದಾನ ಎಂದು ಅಲ್ಲಿನ ಸರ್ಕಾರಿ ಸುದ್ದಿಸಂಸ್ಥೆ ಹೇಳಿತ್ತು.

ಎಲ್ಲಿ ಬದುಕಲು ಇಷ್ಟ? ಉತ್ತರವನ್ನು ಚಾಟ್‌ನಲ್ಲಿ ನನಗೊಬ್ಬಳಿಗೇ ಕಳಿಸಬೇಕು ಅಂದೆ. ಎಲ್ಲರಿಗೂ ಕಾಣುವ ಹಾಗೆ ಬರೆಯಲು ಬಿಟ್ಟರೆ ಮೊದಲ ಉತ್ತರವೇ ತರಗತಿಯ ಉತ್ತರವಾಗಿಬಿಡುತ್ತದೆ, ಇದು ಕೈ ಸುಟ್ಟುಕೊಂಡು ಕಲಿತದ್ದು. ಬಿ, ಬಿ, ಬಿ ಅಂತ ಸಾಲುಗಟ್ಟಿ ಬಂತು. ಒಬ್ಬಳು ಮಾತ್ರ “99.99 ಹೇಗೆ ಮೇಡಂ? ಆವತ್ತು ಯಾರಿಗೂ ಜ್ವರ ಬಂದಿರಲಿಲ್ವಾ?” ಅಂತ ಬರೆದಳು. ಆ ಪ್ರಶ್ನೆಯನ್ನು ಹೆಸರು ಹೇಳದೆ ಗಟ್ಟಿಯಾಗಿ ಓದಿದೆ. ಆಮೇಲೆ ಹೆಸರು ಬಿಚ್ಚಿದೆ: ‘ಎ’ ಬ್ರಿಟನ್, ‘ಬಿ’ ಉತ್ತರ ಕೊರಿಯಾ. ಮುಚ್ಚಿದ್ದ ಕ್ಯಾಮೆರಾಗಳು ಒಂದೆರಡು ತೆರೆದುಕೊಂಡವು. ಆನ್‌ಲೈನ್ ಮೇಷ್ಟ್ರುಗಳಿಗೆ ಚಪ್ಪಾಳೆ ಅಂದರೆ ಅದೇ.

ಆ ದಿನದಿಂದ ನಮ್ಮ ತರಗತಿಗೆ ಎರಡೇ ಪ್ರಶ್ನೆ. ಆಳುವವರನ್ನು ಜನ ಇಳಿಸಬಹುದೇ? ಆಳುವವರನ್ನು ಬೈದವನು ರಾತ್ರಿ ಮನೆಯಲ್ಲಿ ನೆಮ್ಮದಿಯಾಗಿ ಮಲಗಬಹುದೇ?

ಕಷ್ಟವಾಗಿದ್ದು, ಮಜಾ ಬಂದಿದ್ದು ಎರಡೂ ಸಿಂಗಪುರದಲ್ಲಿ. ಫ್ರೀಡಂ ಹೌಸ್‌ನ ಪಟ್ಟಿಯಲ್ಲಿ 25 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ. ರಾಜಕೀಯ ಹಕ್ಕಿಗೆ 40, ನಾಗರಿಕ ಸ್ವಾತಂತ್ರ್ಯಕ್ಕೆ 60. ಅದರಲ್ಲಿ ನಾಲ್ಕನ್ನು ಆರಿಸಿ ಬ್ರೇಕ್‌ಔಟ್ ರೂಮ್‌ಗಳಲ್ಲಿ ನೀವೇ ಅಂಕ ಕೊಡಿ ಅಂದೆ. 1959ರಿಂದ ಒಂದೇ ಪಕ್ಷದ ಆಡಳಿತ, ಆದರೆ ಚುನಾವಣೆ ನಡೆಯುತ್ತದೆ, ಮತ ಎಣಿಕೆಯಲ್ಲಿ ಮೋಸದ ದೂರಿಲ್ಲ. ಲಂಚ ತೀರಾ ಕಡಿಮೆ. ಒಂದು ಗುಂಪು ಧಾರಾಳವಾಗಿ ಅಂಕ ಸುರಿಯಿತು. ಇನ್ನೊಂದು ಗುಂಪಿನ ಹುಡುಗ 2020ರ ಸುದ್ದಿಯೊಂದನ್ನು ಹುಡುಕಿ ತಂದ. ರಟ್ಟಿನ ಮೇಲೆ ನಗುಮುಖ ಬರೆದು, ಪೊಲೀಸ್ ಕಚೇರಿಯ ಹತ್ತಿರ ಹಿಡಿದು ಫೋಟೊ ತೆಗೆಸಿಕೊಂಡ ಒಬ್ಬನ ಮೇಲೆ ಮೊಕದ್ದಮೆ ಬಿತ್ತು. ಅಲ್ಲಿ ಒಬ್ಬಂಟಿ ಪ್ರತಿಭಟನೆಗೂ ಅನುಮತಿ ಬೇಕು. “ಮೇಡಂ, ಒಬ್ಬನೇ ನಿಂತರೆ ಅದು ಸಭೆ ಹೇಗಾಗುತ್ತೆ?” ಮುಂದಿನ ಅರ್ಧ ಗಂಟೆ ನಾನು ಬಾಯಿ ತೆರೆಯಬೇಕಾಗಲಿಲ್ಲ.

ಅಂಕ ಕೊಡುವವರು ಯಾರು ಅನ್ನುವುದನ್ನೂ ಮುಚ್ಚಿಡಲಿಲ್ಲ. ಫ್ರೀಡಂ ಹೌಸ್ ಅಮೆರಿಕದ್ದು, ಅದಕ್ಕೆ ಬಹುಕಾಲ ಹಣದ ದೊಡ್ಡ ಪಾಲು ಬಂದದ್ದು ಅಮೆರಿಕ ಸರ್ಕಾರದಿಂದ. ದೇಶದೇಶಗಳ ಪ್ರಜಾಪ್ರಭುತ್ವವನ್ನು ಅಳೆಯುವ ಸ್ವೀಡನ್ನಿನ ಸಂಶೋಧನಾ ಸಂಸ್ಥೆ ವಿ-ಡೆಮ್ ಬೇರೆ ರೀತಿ ಅಳೆಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಅಂದೆ, ಅಷ್ಟಕ್ಕೆ ಬಿಟ್ಟೆ.

ನಾನು ನಿಜವಾಗಿ ಎಡವಿದ್ದು ಬೇರೆ ಕಡೆ. ತಪ್ಪಿಸಿಕೊಂಡವರಿಗೆ ಅನುಕೂಲ ಅಂತ ಎಲ್ಲ ತರಗತಿಯನ್ನೂ ರೆಕಾರ್ಡ್ ಮಾಡುತ್ತಿದ್ದೆ. ಪಟ್ಟಿಯಲ್ಲಿ ತೀರಾ ಕಡಿಮೆ ಅಂಕದ ದೇಶವೊಂದರ ಸರದಿ ಬಂದ ದಿನ, ಸದಾ ಮಾತಾಡುವ ಹುಡುಗಿ ಸುಮ್ಮನಾದಳು. ಅವಳಪ್ಪನಿಗೆ ಕೆಲಸ ಆ ದೇಶದಲ್ಲೇ, ಮನೆಯವರೆಲ್ಲ ಇರುವುದೂ ಅಲ್ಲೇ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಖಾಸಗಿ ಚಾಟ್‌ನಲ್ಲಿ ಒಂದು ಸಾಲು ಬಂತು: “ಮೇಡಂ, ಇದು ರೆಕಾರ್ಡ್ ಆಗ್ತಾ ಇದೆಯಾ?”

ಎರಡನೇ ಪ್ರಶ್ನೆಗೆ ಉತ್ತರ ನನ್ನ ಸ್ಕ್ರೀನಿನ ಮೇಲೇ ಕೂತಿತ್ತು. ರೆಕಾರ್ಡಿಂಗ್ ನಿಲ್ಲಿಸಿದೆ, ಅಲ್ಲಿಯವರೆಗಿನದನ್ನು ಅಳಿಸಿದೆ, ಅವಳನ್ನು ಏನೂ ಕೇಳದೆ ಪಾಠವನ್ನು ಬೇರೆ ದೇಶಕ್ಕೆ ತಿರುಗಿಸಿದೆ. ಈಗ ಈ ಘಟಕ ಶುರುವಾಗುವ ಮುಂಚೆ ಯಾರು ಎಲ್ಲಿಂದ ಸೇರುತ್ತಾರೆ ಅಂತ ಒಬ್ಬೊಬ್ಬರನ್ನೇ ಖಾಸಗಿಯಾಗಿ ವಿಚಾರಿಸುತ್ತೇನೆ. ಕ್ಯಾಮೆರಾ, ಹೆಸರು ಎರಡೂ ಅವರವರ ಇಷ್ಟ. ರೆಕಾರ್ಡಿಂಗ್ ಇಲ್ಲ. ತಪ್ಪಿಸಿಕೊಂಡವರು ಗೊಣಗುತ್ತಾರೆ. ಅವರಿಗೆ ‘ಎ’, ‘ಬಿ’ ಚೀಟಿಗಳನ್ನು ಕಳಿಸುತ್ತೇನೆ.