ಇಂಟರ್‌ಲಾಕ್ ಅಂಗಳದ ಅಡಿಪದರ: ಲೋಡು ಇಳಿಸುವ ಮೊದಲು ಪರೀಕ್ಷಿಸುವ ಕ್ರಮ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಇಂಟರ್‌ಲಾಕ್ ಬ್ಲಾಕ್‌ಗಳ ಸಂದಿಯಲ್ಲಿ ನೀರು ಇಳಿಯುವುದನ್ನು ಪೂರ್ತಿಯಾಗಿ ತಡೆಯಲಾಗದು. ಆದ್ದರಿಂದ ಗೇಟಿನಿಂದ ಮನೆಯವರೆಗೆ ಬ್ಲಾಕ್ ಹಾಸಿಸುವವರು ಅಡಿಪದರದ ಸಾಮಗ್ರಿಯನ್ನು ಅದು ಬೇಸಗೆಯಲ್ಲಿ ಎಷ್ಟು ಗಟ್ಟಿಯಾಗಿ ತೋರುತ್ತದೆ ಎಂಬುದರಿಂದ ಅಳೆಯದೆ, ವಾರಗಟ್ಟಲೆ ನೆನೆದ ಮೇಲೂ ಕಾರಿನ ಭಾರ ಹೊರಬಲ್ಲದೇ ಎಂದು ನೋಡಬೇಕು.

ಈ ಕೆಲಸಕ್ಕೆ ಕ್ರಷರ್‌ನಿಂದ ಬರುವ ವೆಟ್ ಮಿಕ್ಸ್, ಅಂದರೆ ದೊಡ್ಡ ಜಲ್ಲಿಯಿಂದ ಹಿಡಿದು ಹುಡಿಯವರೆಗೆ ಎಲ್ಲ ಗಾತ್ರವೂ ಹದವಾಗಿ ಬೆರೆತ ಕರಿಕಲ್ಲಿನ ಮಿಶ್ರಣ, ಉತ್ತಮ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ಇದರಲ್ಲಿ 4.75 ಮಿ.ಮೀ. ಜರಡಿಯಿಂದ ಇಳಿಯುವ ಪಾಲು ತೂಕದಲ್ಲಿ ನೂರಕ್ಕೆ 25ರಿಂದ 40ರೊಳಗಿರಬೇಕು. ಬರಿಯ ಒಂದೇ ಗಾತ್ರದ ಜಲ್ಲಿ ತಂದರೆ ಕಲ್ಲುಗಳ ನಡುವಿನ ಪೊಳ್ಳಿನೊಳಕ್ಕೆ, ಬ್ಲಾಕ್ ಕೂರಿಸಲು ಅಡಿಪದರದ ಮೇಲೆ ಹರಡಿದ ಮರಳು ಮಳೆನೀರಿನೊಂದಿಗೆ ಇಳಿದುಹೋಗಿ ಬ್ಲಾಕ್ ಕುಸಿಯುತ್ತದೆ. ಬರಿಯ ಹುಡಿ ತಂದರೆ ಅದು ನೀರನ್ನು ಹಿಡಿದಿಟ್ಟುಕೊಂಡು ಚಕ್ರದ ಒತ್ತಡಕ್ಕೆ ಕೆಸರಾಗಿ ಸಂದಿಯಿಂದ ಮೇಲೆ ಚಿಮ್ಮುತ್ತದೆ.

ಟಿಪ್ಪರ್ ಬಂದಾಗ ಮೇಲಿನ ಪದರವನ್ನಷ್ಟೇ ನೋಡಿ ಒಪ್ಪಿಕೊಳ್ಳುವುದು ಸರಿಯಲ್ಲ. ಸಾಗಿಸುವಾಗಿನ ಕುಲುಕಾಟದಲ್ಲಿ ಹುಡಿ ಕೆಳಕ್ಕೆ ಇಳಿದಿರುತ್ತದೆ. ಮೂರು ನಾಲ್ಕು ಕಡೆ ಮೊಣಕೈ ಆಳಕ್ಕೆ ಅಗೆದು ತೆಗೆದು, ಒಂದು ತಗಡಿನ ಮೇಲೆ ಬೆರೆಸಿ, ಅದರಿಂದ ಮಾದರಿ ಆರಿಸಿಕೊಳ್ಳಬೇಕು. ಜಲ್ಲಿಯ ಅಂಚುಗಳು ಚೂಪಾಗಿದ್ದು ಒಂದಕ್ಕೊಂದು ಕಚ್ಚಿಕೊಳ್ಳುವಂತಿರಬೇಕು. ಹೊಳೆಯ ಉರುಟು ಕಲ್ಲು ಎಷ್ಟು ಗಟ್ಟಿಯಾಗಿದ್ದರೂ ಒತ್ತಿದಾಗ ಜಾರುತ್ತದೆ. ಚಪ್ಪಟೆ ಚಕ್ಕೆಗಳು ಹೆಚ್ಚಾಗಿದ್ದರೆ ನೆಲ ಅದುಮುವ ಯಂತ್ರವಾದ ಕಂಪಾಕ್ಟರ್‌ನಡಿ ಮುರಿದು ಮತ್ತಷ್ಟು ಹುಡಿಯಾಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಹುಡಿಯ ಸ್ವಭಾವಕ್ಕೆ. ಕಲ್ಲನ್ನು ಒಡೆದಾಗ ಬಂದ ಹುಡಿಯೂ ಆವೆಮಣ್ಣೂ (ಜೇಡಿ) ಒಣಗಿದ್ದಾಗ ಒಂದೇ ರೀತಿ ಕಾಣಬಹುದು, ಆದರೆ ನೀರು ತಾಗಿದೊಡನೆ ಎರಡರ ನಡತೆಯೂ ಬೇರೆಯಾಗುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಇಳಿದ ನಯವಾದ ಪಾಲನ್ನು ತುಸು ನೀರು ಹಾಕಿ ಕಲಸಿ, ಅಂಗೈಯಲ್ಲಿ ಬತ್ತಿ ಹೊಸೆದಂತೆ ಹೊಸೆಯಬೇಕು. ಸುಮಾರು 3 ಮಿ.ಮೀ. ದಪ್ಪದ ಬತ್ತಿ ತುಂಡಾಗದೆ ಬಂದರೆ ಅದರಲ್ಲಿ ಜೇಡಿಯಿದೆ. ಒಳ್ಳೆಯ ಕಲ್ಲುಹುಡಿ ಬತ್ತಿಯಾಗದೆ ಪುಡಿಪುಡಿಯಾಗುತ್ತದೆ. ಪ್ರಯೋಗಾಲಯದಲ್ಲಿ ಇದನ್ನೇ ಅಳೆದು ಪ್ಲಾಸ್ಟಿಸಿಟಿ ಇಂಡೆಕ್ಸ್ ಎಂದು ಬರೆದುಕೊಡುತ್ತಾರೆ. ಅದು 6ನ್ನು ಮೀರಬಾರದು.

ಪ್ರಮಾಣ ತಿಳಿಯಲು ಬಾಟಲಿ ಪರೀಕ್ಷೆ ಮಾಡಬಹುದು. 4.75 ಮಿ.ಮೀ. ಜರಡಿಯಿಂದ ಇಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ತುಂಬಿಸಿ, ನೀರು ಮತ್ತು ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ, ಮರುದಿನದವರೆಗೆ ಅಲುಗಿಸದೆ ಇಡಬೇಕು. ಮರಳು ತಳದಲ್ಲಿ ಬೇಗನೆ ಕೂರುತ್ತದೆ. ಅದರ ಮೇಲೆ ನಿಧಾನವಾಗಿ ಕೂರುವ ನಯವಾದ ಪದರವೇ ಹೂಳು ಮತ್ತು ಜೇಡಿ. ಈ ಪದರ ಒಟ್ಟು ಎತ್ತರದ ಹತ್ತರಲ್ಲೊಂದು ಪಾಲಿದ್ದು, ಜರಡಿಯಿಂದ ಇಳಿದದ್ದು ಇಡೀ ಮಾದರಿಯ ಮೂರರಲ್ಲೊಂದು ಪಾಲಾಗಿದ್ದರೆ, ಲೋಡಿನಲ್ಲಿ ಅದರ ಪ್ರಮಾಣ ನೂರಕ್ಕೆ ಮೂರರ ಆಸುಪಾಸು ಎಂದಾಗುತ್ತದೆ. ಇದು ಅಂದಾಜು ಮಾತ್ರ, ಆದರೂ ಎರಡು ಕ್ರಷರ್‌ಗಳ ಸಾಮಗ್ರಿಯನ್ನು ಹೋಲಿಸಲು ಸಾಕು.

ನಮ್ಮ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ತುಂಡು ಮತ್ತು ಹುಡಿ ಅಗ್ಗವಾಗಿ ಸಿಗುವುದರಿಂದ ಅದನ್ನೇ ತುಂಬಿಸುವ ರೂಢಿಯಿದೆ. ಗುಂಡಿ ಸಮ ಮಾಡುವುದಕ್ಕೆ ಅದು ಆದೀತು, ಬ್ಲಾಕ್‌ನ ಕೆಳಗಿನ ಭಾರ ಹೊರುವ ಪದರಕ್ಕೆ ಅದನ್ನು ಪರೀಕ್ಷಿಸದೆ ಒಪ್ಪಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೋರೆಯ ಮೇಲ್ಭಾಗದ ಗಟ್ಟಿ ಕಲ್ಲಿಗೂ ಅಡಿಯ ಬಿಳಿ–ಹಳದಿ ಜೇಡಿಯ ಗೆರೆಗಳಿರುವ ಮೆತ್ತನೆಯ ಕಲ್ಲಿಗೂ ಬಹಳ ಅಂತರವಿದೆ. ಕೆಲವು ತುಂಡುಗಳನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಹೊರತೆಗೆದಾಗ ಬೆರಳಿನಿಂದ ಉಜ್ಜಿದರೆ ಕರಗಿ ಬರುವುದು, ಸುತ್ತಿಗೆಯ ಸಣ್ಣ ಏಟಿಗೆ ಹಿಟ್ಟಾಗುವುದು ಕಂಡರೆ ಆ ಲೋಡನ್ನು ಹಿಂದಕ್ಕೆ ಕಳುಹಿಸುವುದೇ ಮೇಲು. ಹಳೆಯ ಕಟ್ಟಡ ಕೆಡವಿದ ಕಾಂಕ್ರೀಟನ್ನು ಬಳಸುವುದಾದರೆ ಮರದ ಚೂರು, ಗಾರೆ, ಹೆಂಚು, ಪ್ಲಾಸ್ಟಿಕ್ ಆರಿಸಿ ತೆಗೆದಿರಬೇಕು.

ಸಾಮಗ್ರಿ ಒಳ್ಳೆಯದಿದ್ದರೂ ಹಾಸುವ ಕ್ರಮದಿಂದ ಕೆಡುತ್ತದೆ. ಒಮ್ಮೆಗೆ 100 ಮಿ.ಮೀ.ಗಿಂತ ದಪ್ಪ ಹರವದೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು, ಆದರೆ ನೀರು ಒಸರದಷ್ಟು ತೇವವಿಟ್ಟು ಪ್ಲೇಟ್ ಕಂಪಾಕ್ಟರ್ ಓಡಿಸಬೇಕು. ಮೇಲೆ 3 ಮೀಟರಿನ ನೇರ ಪಟ್ಟಿ ಇಟ್ಟಾಗ 10 ಮಿ.ಮೀ.ಗಿಂತ ಹೆಚ್ಚು ತಗ್ಗು ಕಂಡರೆ ಅದನ್ನು ಅದೇ ವೆಟ್ ಮಿಕ್ಸ್‌ನಿಂದ ಸರಿಪಡಿಸಬೇಕೇ ಹೊರತು ಮರಳು ಸುರಿದು ಮುಚ್ಚಬಾರದು; ಬ್ಲಾಕ್‌ನ ಕೆಳಗಿನ ಮರಳು ಎಲ್ಲೆಡೆ ಒಂದೇ ದಪ್ಪವಾಗಿ 20ರಿಂದ 40 ಮಿ.ಮೀ.ನೊಳಗೆ ಇರಬೇಕು. ಆ ಮರಳಿಗೆ ಕಡಲತೀರದ್ದು ಬೇಡ, ಅದರ ಉಪ್ಪು ಬ್ಲಾಕ್‌ನ ಮೇಲೆ ಬಿಳಿಯಾಗಿ ಏಳುತ್ತದೆ.

ಮರಳು ಹರಡುವ ಮೊದಲು ಪದರವನ್ನು ಚೆನ್ನಾಗಿ ನೆನೆಸಿ, ಮರುದಿನ ಅದರ ಮೇಲೆ ಭಾರ ತುಂಬಿದ ಪಿಕಪ್ ಒಂದನ್ನು ನಿಧಾನವಾಗಿ ಓಡಿಸಿ ನೋಡಬೇಕು. ಚಕ್ರದಡಿ ನೆಲ ತಗ್ಗಿ ಮತ್ತೆ ಮೇಲೇಳುವ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಅಷ್ಟು ಭಾಗವನ್ನು ಅಡಿಯ ಮಣ್ಣಿನವರೆಗೆ ಅಗೆದು, ಜೇಡಿಯಿದ್ದರೆ ತೆಗೆದು, ಹೊಸ ಸಾಮಗ್ರಿ ತುಂಬಿಸಿ ಮತ್ತೆ ಅದುಮಬೇಕು.