ಸಿಲಿಂಡರ್, ಕಿಲೋಮೀಟರ್ ಕಲ್ಲು, ನೋಟು: ಬರೆದದ್ದನ್ನು ಓದುವ ಬಗೆ

ಕೊಪ್ಪಳದ ನಮ್ಮ ಅಡುಗೆಮನೆಗೆ ಗ್ಯಾಸ್ ಒಲೆ ಬಂದು ಇಪ್ಪತ್ತು ವರ್ಷ ದಾಟಿದ್ದರೂ, ಸಿಲಿಂಡರಿನ ಕೊರಳ ಬಳಿ ಬರೆದಿರುವ ಒಂದು ಅಕ್ಷರ ಮತ್ತು ಎರಡು ಅಂಕಿಗಳ ಅರ್ಥ ನನಗೆ ತಿಳಿದದ್ದು ಈಚೆಗೆ, ಯುಗಾದಿಯ ಹಿಂದಿನ ದಿನ. ಹೋಳಿಗೆಗೆಂದು ಬೇಳೆ ಬೇಯಲು ಇಟ್ಟಿದ್ದಾಗಲೇ ಗ್ಯಾಸ್ ಮುಗಿಯಿತು. ಹೊಸ ಸಿಲಿಂಡರ್ ತಂದಿಳಿಸಿದ ಹುಡುಗ ಅದನ್ನು ಒಂದು ಸುತ್ತು ತಿರುಗಿಸಿ ನೋಡಿ, "ಇದರ ತಾರೀಖ ಇನ್ನೂ ಐತ್ರಿ ಅಕ್ಕಾರ" ಎಂದ. ಸಿಲಿಂಡರಿಗೂ ತಾರೀಖು ಇರುತ್ತದೆಯೇ ಎಂದು ಕೇಳಿದಾಗ ಅವನು ಬೆರಳಿಟ್ಟು ತೋರಿಸಿದ.

ಹಿಡಿದೆತ್ತುವ ಬಳೆಯನ್ನು ಸಿಲಿಂಡರಿನ ಮೈಗೆ ಜೋಡಿಸಿರುವ ಕಬ್ಬಿಣದ ಪಟ್ಟಿಗಳ ಒಳಮೈಯನ್ನು ನೋಡಬೇಕು. ಅಲ್ಲಿ 'ಬಿ-27' ಎಂಬಂಥ ಗುರುತು ಇರುತ್ತದೆ. 'ಎ' ಎಂದರೆ ಜನವರಿಯಿಂದ ಮಾರ್ಚ್, 'ಬಿ' ಎಂದರೆ ಏಪ್ರಿಲ್‌ನಿಂದ ಜೂನ್, 'ಸಿ' ಎಂದರೆ ಜುಲೈಯಿಂದ ಸೆಪ್ಟೆಂಬರ್, 'ಡಿ' ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್; ಅಂಕಿ ಇಸವಿಯದು. ಹಾಗಾಗಿ 'ಬಿ-27' ಎಂದಿದ್ದರೆ 2027ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು ಎಂದರ್ಥ. ಒಳಗಿನ ಗ್ಯಾಸ್ ಆ ದಿನಕ್ಕೆ ಕೆಡುತ್ತದೆ ಎಂದು ಅನೇಕರು ತಿಳಿದಿದ್ದಾರೆ, ಅದು ತಪ್ಪು. ಪರೀಕ್ಷೆಯಾಗುವುದು ಉಕ್ಕಿನ ಡಬ್ಬಿಗೆ. ಅವಧಿ ಮೀರಿದ್ದನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳದೆ, ಬೇರೆಯದನ್ನು ಕೊಡಿ ಎಂದು ಬಾಗಿಲಲ್ಲೇ ಕೇಳಬೇಕು. ಅದೇ ಪಟ್ಟಿಗಳ ಮೇಲೆ ಖಾಲಿ ಸಿಲಿಂಡರಿನ ತೂಕವೂ ಇರುತ್ತದೆ. ಮನೆಬಳಕೆಯ ಸಿಲಿಂಡರಿನಲ್ಲಿ ತುಂಬುವ ಗ್ಯಾಸ್ 14.2 ಕಿಲೋ. ಖಾಲಿ ತೂಕ 15.8 ಎಂದಿದ್ದರೆ ತುಂಬಿದ್ದು 30 ಕಿಲೋ ತೂಗಬೇಕು. ತೂಗಿ ಕೊಡಿ ಎಂದು ಕೇಳುವುದಕ್ಕೆ ಸಂಕೋಚಪಡುವ ಅಗತ್ಯವಿಲ್ಲ.

ಸೀಲು ಬಿಚ್ಚಿ ಮುಚ್ಚಳ ತೆಗೆದ ಮೇಲೆ, ವಾಲ್ವಿನ ಒಳಗೆ ಕಪ್ಪು ರಬ್ಬರಿನ ರಿಂಗ್ ಇದೆಯೇ, ಹರಿದಿಲ್ಲವೇ ಎಂದು ಬಗ್ಗಿ ನೋಡಬೇಕು. ರೆಗ್ಯುಲೇಟರ್ ಕೂಡಿಸಿದ ಬಳಿಕ ಜೋಡಣೆಯ ಸುತ್ತ ಸೋಪಿನ ನೀರನ್ನು ಹಚ್ಚಿದರೆ, ಸೋರಿಕೆಯಿದ್ದಲ್ಲಿ ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ನೋಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಅದನ್ನು ಇಂದೇ ಬಿಡಬೇಕು. ಅಡುಗೆ ಅನಿಲಕ್ಕೆ ತನ್ನದೆಂಬ ವಾಸನೆಯಿಲ್ಲ, ಸೋರಿಕೆ ಗೊತ್ತಾಗಲೆಂದೇ ಘಾಟು ವಾಸನೆಯ ರಾಸಾಯನಿಕವನ್ನು ಅದಕ್ಕೆ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರವಾದುದರಿಂದ ಮೇಲೇರದೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ವಾಸನೆ ಬಂದಾಗ ರೆಗ್ಯುಲೇಟರನ್ನು ಬಂದ್ ಮಾಡಿ, ಕಿಟಕಿಯಷ್ಟೇ ಅಲ್ಲದೆ ಬಾಗಿಲನ್ನೂ ತೆರೆಯಬೇಕು, ಲೈಟು ಫ್ಯಾನುಗಳ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ನಂತರ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಅದು ಗ್ಯಾಸ್ ಸೋರಿಕೆಗೆಂದೇ ಇರುವ ಸಹಾಯವಾಣಿ.

ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಲು ಸಿಲಿಂಡರನ್ನು ಅಲುಗಾಡಿಸುವುದೂ ಬೇಡ, ಮಲಗಿಸುವುದೂ ಬೇಡ. ಒದ್ದೆ ಬಟ್ಟೆಯಿಂದ ಅದರ ಮೈಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿ, ಸ್ವಲ್ಪ ಹೊತ್ತು ಕಾಯಬೇಕು. ಖಾಲಿಯಾದ ಮೇಲ್ಭಾಗ ಬೇಗ ಒಣಗುತ್ತದೆ, ಒಳಗೆ ದ್ರವ ಇರುವಷ್ಟು ಭಾಗ ತಡವಾಗಿ ಒಣಗುತ್ತದೆ. ಆ ದ್ರವವು ಲೋಹದ ಬಿಸಿಯನ್ನು ತಾನು ಹೀರಿಕೊಂಡು ಅದನ್ನು ತಂಪಾಗಿ ಇಡುವುದೇ ಇದಕ್ಕೆ ಕಾರಣ. ನಮ್ಮ ಕಡೆಯ ಬೇಸಿಗೆಯಲ್ಲಿ ಒದ್ದೆ ನಿಲ್ಲುವುದೇ ಕಡಿಮೆಯಾದುದರಿಂದ, ಈ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮಾಡುವುದು ಒಳ್ಳೆಯದು. ನಾನು ಮೊದಲ ಸಲ ಮಾಡಿದಾಗ ಒಣಗಿದ ಭಾಗಕ್ಕೂ ಒದ್ದೆಯ ಭಾಗಕ್ಕೂ ನಡುವೆ ದಾರ ಹಿಡಿದು ಎಳೆದಂಥ ಗೆರೆ ಮೂಡಿತ್ತು.

ಇದನ್ನು ಓದಲು ಕಲಿತ ಮೇಲೆ, ದಿನವೂ ನೋಡಿಯೂ ಓದದೆ ಬಿಟ್ಟ ಬೇರೆ ಬರಹಗಳ ಕಡೆಗೂ ಗಮನ ಹೋಯಿತು. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳನ್ನು ಕೊಟ್ಟಾಗ, ಪೂರ್ವ ಪಶ್ಚಿಮವಾಗಿ ಹೋಗುವ ರಸ್ತೆಗೆ ಬೆಸ ಸಂಖ್ಯೆಯನ್ನೂ ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಗೆ ಸಮ ಸಂಖ್ಯೆಯನ್ನೂ ಇಟ್ಟರು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಮೂಲಕ ಹಾಯುವ ರಸ್ತೆ 67, ಬೆಸ. ವಿಜಯಪುರದ ಕಡೆಯಿಂದ ಕುಷ್ಟಗಿ ದಾಟಿ ಹೊಸಪೇಟೆ, ಚಿತ್ರದುರ್ಗಕ್ಕೆ ಇಳಿಯುವ ರಸ್ತೆ 50, ಸಮ. ಸಮ ಸಂಖ್ಯೆಗಳು ಪೂರ್ವದಿಂದ ಪಶ್ಚಿಮಕ್ಕೆ ಹೆಚ್ಚುತ್ತ ಹೋಗುವುದರಿಂದ, 67ರಲ್ಲಿ ಆಂಧ್ರದ ಗುತ್ತಿಯಿಂದ ಹುಬ್ಬಳ್ಳಿಯ ಕಡೆಗೆ ಹೊರಟರೆ ಗುತ್ತಿಯಲ್ಲಿ 44, ಹೊಸಪೇಟೆಯಲ್ಲಿ 50, ಹುಬ್ಬಳ್ಳಿಯಲ್ಲಿ 52 ಸಿಗುತ್ತವೆ. ಹುಬ್ಬಳ್ಳಿಯಲ್ಲಿಯೇ 48 ಕೂಡ ಹಾಯುತ್ತದೆ ಎಂಬುದನ್ನು ಮುಚ್ಚಿಡುವಂತಿಲ್ಲ. ದೆಹಲಿಯಿಂದ ಚೆನ್ನೈವರೆಗೆ ದಿಕ್ಕು ಬದಲಿಸುತ್ತ ಬರುವ ಅಷ್ಟು ಉದ್ದದ ರಸ್ತೆ ಎಲ್ಲೆಡೆಯೂ ಸಾಲಿನಲ್ಲಿ ನಿಲ್ಲುವುದಿಲ್ಲ. ಮೂರು ಅಂಕಿಗಳಿದ್ದರೆ ಅದು ಕವಲು ರಸ್ತೆ, ಕೊನೆಯ ಎರಡು ಅಂಕಿಗಳು ಮೂಲ ರಸ್ತೆಯವು. ಬಳ್ಳಾರಿ ಸಮೀಪದ ಹಗರಿಯಲ್ಲಿ 67ರಿಂದ ಒಡೆದು, ಆದೋನಿಯ ಮೇಲೆ ಹಾದು ರಾಯಚೂರಿಗೆ ಬರುವ ರಸ್ತೆಯ ಸಂಖ್ಯೆ 167.

ಕೊನೆಯದು ನೋಟು. ಹೊಸ ಐವತ್ತರ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿರುವುದು ನಮ್ಮ ಭಾಗದವರಿಗೆಲ್ಲ ಗೊತ್ತು. ಆದರೆ ನೂರು, ಇನ್ನೂರು, ಐನೂರರ ನೋಟುಗಳ ಮುಂಬದಿಯ ಎಡ ಬಲ ಅಂಚುಗಳಲ್ಲಿರುವ ಓರೆ ಗೆರೆಗಳನ್ನು ಗಮನಿಸಿದವರು ಕಡಿಮೆ. ಕಣ್ಣು ಕಾಣದವರು ಬೆರಳಿನಿಂದ ಗುರುತಿಸಲೆಂದು ಅವನ್ನು ಉಬ್ಬಾಗಿ ಅಚ್ಚು ಮಾಡಿದ್ದಾರೆ. ನೂರಕ್ಕೆ ನಾಲ್ಕು ಗೆರೆ. ಇನ್ನೂರಕ್ಕೆ ನಾಲ್ಕು ಗೆರೆ, ನಡುವೆ ಎರಡು ಸೊನ್ನೆ. ಐನೂರಕ್ಕೆ ಐದು ಗೆರೆ. ನಮ್ಮ ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದ್ದು, ಸಂತೆಯಲ್ಲಿ ಚಿಲ್ಲರೆ ಎಣಿಸುವಾಗ ಪಕ್ಕದವರನ್ನು ಕೇಳಬೇಕಾಗುತ್ತಿತ್ತು. ಕಲಿಸುವಾಗ ಮೊದಲು ಗರಿಗರಿಯಾದ ನೋಟನ್ನೇ ಕೊಡಬೇಕು, ಏಕೆಂದರೆ ಹಳೆಯ ನೋಟಿನಲ್ಲಿ ಉಬ್ಬು ಸವೆದುಹೋಗಿರುತ್ತದೆ. ಸವೆದ ನೋಟಿಗೆ ಉದ್ದವೇ ಗುರುತು: ಹೊಸ ನೂರರದ್ದು 142 ಮಿಲಿಮೀಟರ್, ಇನ್ನೂರರದ್ದು 146, ಐನೂರರದ್ದು 150. ಒಂದು ತುದಿಯನ್ನು ಸರಿಯಾಗಿ ಕೂಡಿಸಿ ಒಂದರ ಮೇಲೊಂದು ಇಟ್ಟರೆ ಇನ್ನೊಂದು ತುದಿಯಲ್ಲಿ ದೊಡ್ಡದು ಹೊರಗೆ ಚಾಚುತ್ತದೆ. ಅವ್ವ ಈಗ ಮೂರು ಬಗೆಯ ನೋಟುಗಳನ್ನೂ ಮಡಿಲಲ್ಲಿ ಇಟ್ಟುಕೊಂಡು, ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿ, ಗೆರೆ ಎಣಿಸಿ ಹೇಳುತ್ತಾಳೆ.